ಚುಕ್ಕೆಯ ವಿಭಕ್ತಿ: ಗಣಕದ ಕೋಶಗಳಲ್ಲಿ ಕೀಲಿಪದದ ಶೋಧ

1

‘ಬೇಲೂರಿನ ವಿಸ್ತೀರ್ಣ’ ಎಂಬಲ್ಲಿಯೂ ‘ಬೇಲೂರಿನ ಶಿಲ್ಪ’ ಎಂಬಲ್ಲಿಯೂ ಕಾಣುವುದು ಒಂದೇ ಷಷ್ಠೀ ವಿಭಕ್ತಿ. ಆದರೆ ಮೊದಲನೆಯದು ಊರಿಗೇ ಸೇರಿದ ಗುಣವನ್ನು ಹೇಳುತ್ತದೆ. ಎರಡನೆಯದು ಊರಿನಲ್ಲಿರುವ ವಸ್ತುವನ್ನು ಹೇಳುತ್ತದೆ. ರೂಪದಲ್ಲಿ ಷಷ್ಠಿಯಾದರೂ ಅರ್ಥದಲ್ಲಿ ಅದು ಸಪ್ತಮಿಗೆ ಸಮೀಪ. ಒಂದು ವಿಭಕ್ತಿಯ ಸ್ಥಾನದಲ್ಲಿ ಇನ್ನೊಂದು ಬರುವುದನ್ನು ಹಳಗನ್ನಡ ವ್ಯಾಕರಣಗಳು ವಿಭಕ್ತಿಪಲ್ಲಟವೆಂದು ಗುರುತಿಸಿವೆ. ಕೇಳುಗನು ಸಂದರ್ಭವನ್ನರಿತು ಅರ್ಥವನ್ನು ನಿರ್ಣಯಿಸಿಕೊಳ್ಳುವುದರಿಂದ ಮಾತಿನ ವ್ಯವಹಾರದಲ್ಲಿ ಇದರಿಂದ ತೊಡಕುಂಟಾಗುವುದಿಲ್ಲ. ಅಗತ್ಯವೆನಿಸಿದಾಗ ‘ಬೇಲೂರಿನಲ್ಲಿರುವ’ ಎಂದು ಬಿಡಿಸಿ ಹೇಳುವ ಅವಕಾಶವೂ ಭಾಷೆಯಲ್ಲಿದೆ.

ಗಣಕಕ್ಕೆ ಆದೇಶಗಳನ್ನು ಬರೆಯುವ ಭಾಷೆಗಳಲ್ಲಿ ಈ ಎರಡು ಸಂಬಂಧಗಳನ್ನೂ ಅನೇಕ ವೇಳೆ ಒಂದೇ ಒಂದು ಚುಕ್ಕೆ ಸೂಚಿಸುತ್ತದೆ. ‘ನಿಘಂಟು.ಗಾತ್ರ’ ಎಂದು ಬರೆದರೆ ನಿಘಂಟಿನ ಗಾತ್ರವನ್ನು, ಅಂದರೆ ಅದರಲ್ಲಿ ಎಷ್ಟು ಉಲ್ಲೇಖಗಳಿವೆ ಎಂಬುದನ್ನು ಕೇಳಿದಂತಾಯಿತೋ, ಅಥವಾ ನಿಘಂಟಿನಲ್ಲಿ ‘ಗಾತ್ರ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಕೇಳಿದಂತಾಯಿತೋ? ಯಂತ್ರಕ್ಕೆ ಸಂದರ್ಭಜ್ಞಾನವಿಲ್ಲ. ಆದ್ದರಿಂದ ಆ ಭಾಷೆಯನ್ನೋ ಅದಕ್ಕೆ ಪೂರಕವಾದ ಲೈಬ್ರರಿಯನ್ನೋ ರೂಪಿಸಿದವರು ಇದನ್ನು ಮೊದಲೇ ನಿರ್ಣಯಿಸಿರಬೇಕಾಗುತ್ತದೆ. ಆ ನಿರ್ಣಯಗಳು ಒಂದು ಬಗೆಯವಲ್ಲ. ಒಂದೇ ಲೈಬ್ರರಿಯಲ್ಲಿಯೂ ಅವು ಕಾಲಕಾಲಕ್ಕೆ ಬದಲಾಗಿವೆ. ನಿಘಂಟು, ಪದಸೂಚಿ, ಶಾಸನಸೂಚಿ, ಗ್ರಂಥಸೂಚಿಗಳು ಗಣಕಕ್ಕೆ ಏರುತ್ತಿರುವ ಕಾಲದಲ್ಲಿ ಇದು ಕೇವಲ ತಂತ್ರಜ್ಞರ ವಿಷಯವಾಗಿ ಉಳಿದಿಲ್ಲ. ಒಂದು ಪದವನ್ನು ಹುಡುಕಿದವನಿಗೆ ಯಂತ್ರವು ‘ಇಲ್ಲ’ ಎಂದು ಉತ್ತರಿಸಿದರೆ, ಪದವೇ ಇಲ್ಲವೆಂದು ಅವನು ತಿಳಿಯುವ ಸಂಭವವಿದೆ. ಹಾಗೆ ತಿಳಿದು ಬರೆದ ಪ್ರಬಂಧದಲ್ಲಿ ಆ ತಪ್ಪು ಮುಂದುವರಿಯುತ್ತದೆ.

2

ಕೀಲಿಪದವೊಂದನ್ನು ಕೊಟ್ಟರೆ ಅದಕ್ಕೆ ಹೊಂದಿಸಿಟ್ಟ ಮೌಲ್ಯವನ್ನು ಹಿಂದಿರುಗಿಸುವ ರಚನೆಗೆ ಜಾವಾ ಭಾಷೆಯಲ್ಲಿ ಮ್ಯಾಪ್ ಎಂದೂ ಪೈಥಾನ್ ಭಾಷೆಯಲ್ಲಿ ಡಿಕ್ಷನರಿ ಎಂದೂ ಹೆಸರು. ಇದನ್ನು ನಿಘಂಟು ಕಾರ್ಯಾಲಯದ ಚೀಟಿಗಳ ಪೆಟ್ಟಿಗೆಗೆ ಹೋಲಿಸಬಹುದು. ಒಂದು ವ್ಯತ್ಯಾಸವಿದೆ: ಚೀಟಿಗಳು ಅಕಾರಾದಿಯಾಗಿ ಇರುತ್ತವೆ, ಮ್ಯಾಪಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಕೀಲಿಪದದ ಅಕ್ಷರಸಂಕೇತಗಳಿಂದ ಒಂದು ಸಂಖ್ಯೆಯನ್ನು ಲೆಕ್ಕಹಾಕಿ, ಆ ಸಂಖ್ಯೆಯು ಸೂಚಿಸುವ ಖಾನೆಯಲ್ಲಿ ಚೀಟಿಯನ್ನು ಇಡಲಾಗುತ್ತದೆ. ಜಾವಾದಲ್ಲಿ ಅಕ್ಷರಮಾಲೆಯೊಂದರ ಈ ಸಂಖ್ಯೆಯನ್ನು ಪಡೆಯಲು ಪ್ರತಿ ಸಂಕೇತಕ್ಕೆ ಬಂದಾಗಲೂ ಹಿಂದಿನ ಫಲವನ್ನು 31ರಿಂದ ಗುಣಿಸಿ, ಹೊಸ ಸಂಕೇತದ ಬೆಲೆಯನ್ನು ಕೂಡಿಸುತ್ತಾರೆ. ಹುಡುಕುವಾಗಲೂ ಇದೇ ಲೆಕ್ಕ. ಒಂದು ಸಂಕೇತ ವ್ಯತ್ಯಾಸವಾದರೆ ಲೆಕ್ಕ ಬೇರೆಯಾಗುತ್ತದೆ. ಬೇರೆ ಖಾನೆಗೆ ಕೈಹಾಕಿದಂತಾಗುತ್ತದೆ. ಅಕಸ್ಮಾತ್ ಅದೇ ಖಾನೆ ಸಿಕ್ಕಿದರೂ ಸಂಕೇತಗಳು ಒಂದೊಂದಾಗಿ ಹೊಂದದಿದ್ದರೆ ಚೀಟಿ ಕೈಗೆ ಬರುವುದಿಲ್ಲ. ಅಕ್ಕಪಕ್ಕದ ಚೀಟಿಗಳನ್ನು ಕಂಡು ‘ಇದೇ ಇರಬಹುದು’ ಎಂದು ಊಹಿಸುವ ಸಂಪಾದಕನ ಕಣ್ಣು ಇಲ್ಲಿಲ್ಲ.

ಮ್ಯಾಪ್ ಸ್ವತಃ ಒಂದು ಆಬ್ಜೆಕ್ಟ್. ಅದಕ್ಕೆ ತನ್ನವೇ ಆದ ಗುಣಗಳಿವೆ: ಗಾತ್ರ, ಖಾಲಿಯಿದೆಯೇ ಇಲ್ಲವೇ ಎಂಬ ಸ್ಥಿತಿ, ಯಾವ ವರ್ಗಕ್ಕೆ ಸೇರಿದ್ದೆಂಬ ಮಾಹಿತಿ. ಗುಣದ ಹೆಸರು ಶಾಸ್ತ್ರಕಾರನು ಇಟ್ಟ ಸಂಜ್ಞೆ. ಕೀಲಿಪದವಾದರೋ ತನ್ನ ರೂಪವನ್ನೇ ಸೂಚಿಸುವ ಶಬ್ದ. ವ್ಯಾಕರಣಶಾಸ್ತ್ರಕ್ಕೆ ಈ ಭೇದ ಹೊಸತಲ್ಲ. ಶಾಸ್ತ್ರದಲ್ಲಿ ಬಂದ ಶಬ್ದವು, ಅದು ಪಾರಿಭಾಷಿಕ ಸಂಜ್ಞೆಯಲ್ಲದಿದ್ದರೆ, ತನ್ನ ಸ್ವರೂಪವನ್ನೇ ಬೋಧಿಸುತ್ತದೆ ಎಂಬ ನಿಯಮವನ್ನು ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೊದಲ ಪಾದದಲ್ಲಿಯೇ (1.1.68) ಹೇಳಿದ್ದಾನೆ. ಸಂಜ್ಞೆ ಯಾವುದು, ಸ್ವರೂಪ ಯಾವುದು ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸದಿದ್ದರೆ ಮುಂದಿನ ಸೂತ್ರಗಳೆಲ್ಲ ಸಂದಿಗ್ಧವಾಗುತ್ತವೆ. ಗಣಕದ ಲೈಬ್ರರಿಗಳಲ್ಲಿ ಆಗಿರುವುದು ಇದೇ.

3

ಈ ಸಂದಿಗ್ಧತೆಯ ಚರಿತ್ರೆಯನ್ನು ಅಪಾಚೆ ಪ್ರತಿಷ್ಠಾನದ ಕಾಮನ್ಸ್ ಬೀನ್‌ಯುಟಿಲ್ಸ್ ಎಂಬ ಜಾವಾ ಲೈಬ್ರರಿಯಲ್ಲಿ ಚೆನ್ನಾಗಿ ಗುರುತಿಸಬಹುದು. ಆಬ್ಜೆಕ್ಟೊಂದರ ಗುಣವನ್ನು ಅದರ ಹೆಸರಿನ ಮೂಲಕವೇ ಓದಲು ಅಥವಾ ತುಂಬಲು ನೆರವಾಗುವುದು ಈ ಲೈಬ್ರರಿಯ ಉದ್ದೇಶ. ಸ್ಟ್ರಟ್ಸ್ ಎಂಬ ಚೌಕಟ್ಟಿನ ಅಂಗವಾಗಿದ್ದು ಅನಂತರ ಪ್ರತ್ಯೇಕವಾಗಿ ಬೆಳೆದ ಇದು ಹೆಸರಿನ ನಿರ್ದೇಶಕ್ಕೆ ಬೇರೆಬೇರೆ ಗುರುತುಗಳನ್ನು ಬಳಸುತ್ತದೆ. ಒಳಗಿನ ಒಳಗಿನ ಗುಣಕ್ಕೆ ಚುಕ್ಕೆ, ಕ್ರಮಸಂಖ್ಯೆಗೆ ಚೌಕ ಆವರಣ, ಕೀಲಿಪದಕ್ಕೆ ದುಂಡು ಆವರಣ. ಅಂದರೆ ಷಷ್ಠಿಗೂ ಸಪ್ತಮಿಗೂ ಬೇರೆ ಬೇರೆ ಪ್ರತ್ಯಯಗಳನ್ನು ಇಟ್ಟುಕೊಂಡೇ ಇದು ಹೊರಟಿತ್ತು. ಆದರೆ ಚುಕ್ಕೆಯ ಎಡಕ್ಕಿರುವ ವಸ್ತುವೇ ಒಂದು ಮ್ಯಾಪ್ ಆಗಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆ ಬಂದಿತು.

ಮೌಲ್ಯವನ್ನು ತುಂಬುವ ಕ್ರಿಯೆಯ ವಿಷಯದಲ್ಲಿ ಈ ಪ್ರಶ್ನೆಗೆ ಲೈಬ್ರರಿಯು ಕೊಟ್ಟ ಉತ್ತರಗಳು ಹೀಗಿವೆ. 1.5ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಚುಕ್ಕೆಯೆಂದರೆ ಯಾವಾಗಲೂ ಗುಣವೇ. 1.5ರಲ್ಲಿ ಅದು ಯಾವಾಗಲೂ ಕೀಲಿಪದವಾಯಿತು. 1.6.0, 1.6.1 ಮತ್ತು 1.7.0 ಆವೃತ್ತಿಗಳಲ್ಲಿ, ಆ ಹೆಸರಿನ ಗುಣವನ್ನು ತುಂಬುವ ಕ್ರಮವೊಂದು ಮ್ಯಾಪಿನ ವರ್ಗದಲ್ಲಿದ್ದರೆ ಗುಣ, ಇಲ್ಲದಿದ್ದರೆ ಕೀಲಿಪದ ಎಂದಾಯಿತು. ಅನಂತರದ ಆವೃತ್ತಿಗಳಲ್ಲಿ ಮತ್ತೆ 1.5ರ ನಿಯಮಕ್ಕೇ, ಅಂದರೆ ಯಾವಾಗಲೂ ಕೀಲಿಪದವೆಂಬ ನಿಲುವಿಗೇ ಮರಳಲಾಯಿತು. ಇದೆಲ್ಲ ಬಹಳ ಕಿರಿಕಿರಿಯ ಸಂಗತಿಯೆಂದು ಲೈಬ್ರರಿಯ ದಾಖಲೆಯೇ ಆವರಣದಲ್ಲಿ ಒಪ್ಪಿಕೊಂಡಿದೆ. ತಾಂತ್ರಿಕ ದಾಖಲೆಗಳಲ್ಲಿ ಇಂತಹ ಪ್ರಾಮಾಣಿಕತೆ ಅಪರೂಪ.

ಇವುಗಳಲ್ಲಿ ನಡುವಿನ ನಿಯಮ, ಮೇಲ್ನೋಟಕ್ಕೆ ಹೆಚ್ಚು ಜಾಣತನದ್ದೆಂದು ಕಾಣುವುದು, ವಾಸ್ತವದಲ್ಲಿ ಹೆಚ್ಚು ಅಪಾಯದ್ದು. ನಿಘಂಟೊಂದನ್ನು ಮ್ಯಾಪಿನ ವಿಸ್ತೃತ ರೂಪವಾಗಿ ರಚಿಸಿ, ಅದರ ಸಂಪಾದಕರ ಹೆಸರನ್ನು ಇಡಲು ‘ಸಂಪಾದಕ’ ಎಂಬ ಗುಣವನ್ನು ಸೇರಿಸಲಾಗಿದೆಯೆಂದು ಭಾವಿಸಬಹುದು. ಶೀರ್ಷಿಕಾಪದಗಳ ಪಟ್ಟಿಯೊಂದನ್ನು ಚುಕ್ಕೆಯ ಮೂಲಕ ಒಂದೊಂದಾಗಿ ತುಂಬುತ್ತ ಹೋದಾಗ ‘ಸಂಪದ’, ‘ಸಂಪನ್ನ’ ಎಂಬ ಪದಗಳು ಸರಿಯಾಗಿ ಕೋಶದೊಳಕ್ಕೆ ಸೇರುತ್ತವೆ. ‘ಸಂಪಾದಕ’ ಎಂಬ ಪದ ಬಂದಾಗ ಮಾತ್ರ ಅದರ ಅರ್ಥವು ಕೋಶದೊಳಕ್ಕೆ ಹೋಗದೆ ಸಂಪಾದಕರ ಹೆಸರನ್ನು ಅಳಿಸಿ ಆ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ದೋಷಸೂಚನೆ ಬರುವುದಿಲ್ಲ. ಸಾವಿರಾರು ಪದಗಳಲ್ಲಿ ಒಂದು ಕಾಣೆಯಾದದ್ದು ಗೊತ್ತಾಗುವುದು ಆ ಪದವನ್ನೇ ಯಾರಾದರೂ ಹುಡುಕಿದಾಗ. ಇನ್ನೂ ತೊಡಕಿನ ಸಂಗತಿಯೆಂದರೆ, ಇಂದು ಸರಿಯಾಗಿರುವ ಕೋಶಕ್ಕೆ ನಾಳೆ ‘ಪ್ರಕಾಶಕ’ ಎಂಬ ಹೊಸ ಗುಣವನ್ನು ಸೇರಿಸಿದರೆ ಅದುವರೆಗೆ ಕೋಶದೊಳಕ್ಕೆ ಹೋಗುತ್ತಿದ್ದ ‘ಪ್ರಕಾಶಕ’ ಪದವೂ ದಾರಿತಪ್ಪುತ್ತದೆ. ನಿಯಮವು ಏಕರೂಪವಾಗಿದ್ದರೆ, ಅದು ಗುಣಪಕ್ಷಪಾತಿಯಾದರೂ ಸರಿಯೇ ಕೀಲಿಪಕ್ಷಪಾತಿಯಾದರೂ ಸರಿಯೇ, ಬಳಸುವವನು ಅದನ್ನು ತಿಳಿದು ನಡೆದುಕೊಳ್ಳಬಲ್ಲ. ಪದದಿಂದ ಪದಕ್ಕೆ ಬದಲಾಗುವ ನಿಯಮವನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳಲಾರರು.

4

ಇತರ ವ್ಯವಸ್ಥೆಗಳಲ್ಲಿಯೂ ಇದೇ ಪ್ರಶ್ನೆಗೆ ಭಿನ್ನ ಪರಿಹಾರಗಳಿವೆ. 2003ರಲ್ಲಿ ಬಂದ ಜೆಎಸ್‌ಪಿ 2.0ರ ಅಭಿವ್ಯಕ್ತಿ ಭಾಷೆಯಲ್ಲಿ ಎಡಕ್ಕೆ ಮ್ಯಾಪ್ ಇದ್ದರೆ ಚುಕ್ಕೆಯು ಸದಾ ಕೀಲಿಪದವನ್ನೇ ಹುಡುಕುತ್ತದೆ. ಹೀಗಾಗಿ ಮ್ಯಾಪಿನ ಗಾತ್ರವನ್ನು ಚುಕ್ಕೆಯಿಂದ ಪಡೆಯುವ ದಾರಿ ಮುಚ್ಚಿಹೋಗಿ, ಉದ್ದವನ್ನು ತಿಳಿಸುವ ಒಂದು ಪ್ರತ್ಯೇಕ ಕ್ರಿಯೆಯ ಮೊರೆಹೋಗಬೇಕಾಯಿತು. ಇದೇ ಭಾಷೆಯಲ್ಲಿ ಪೂರ್ಣಾಂಕಗಳೆಲ್ಲ ‘ಲಾಂಗ್’ ಎಂಬ ಜಾತಿಗೆ ಸೇರುತ್ತವೆ. ಕೋಶದಲ್ಲಿ ಪುಟಸಂಖ್ಯೆಗಳನ್ನು ‘ಇಂಟಿಜರ್’ ಎಂಬ ಜಾತಿಯ ಕೀಲಿಗಳಾಗಿ ಇಟ್ಟಿದ್ದರೆ 12ನೆಯ ಪುಟವನ್ನು ಕೇಳಿದಾಗ ಏನೂ ಸಿಗುವುದಿಲ್ಲ. ಬೆಲೆ ಒಂದೇ ಆದರೂ ಜಾತಿ ಬೇರೆಯಾದ ಕಾರಣ ಎರಡು 12ಗಳು ಸಮವಲ್ಲ. ಗ್ರೂವಿ ಭಾಷೆಯೂ ಕೀಲಿಪಕ್ಷಪಾತಿಯೇ. ಅಲ್ಲಿ ಮ್ಯಾಪಿನ ಮುಂದೆ ಚುಕ್ಕೆಯಿಟ್ಟು ‘ಕ್ಲಾಸ್’ ಎಂದು ಕೇಳಿದರೆ ವರ್ಗದ ಮಾಹಿತಿ ದೊರೆಯದೆ, ‘ಕ್ಲಾಸ್’ ಎಂಬ ಕೀಲಿಪದದ ಶೋಧ ನಡೆದು ಬರಿಗೈ ಉತ್ತರ ಬರುತ್ತದೆ.

ಪೈಥಾನ್ ಭಾಷೆಯು ಎರಡನ್ನೂ ಬೇರ್ಪಡಿಸಿದೆ. ಗುಣಕ್ಕೆ ಚುಕ್ಕೆ, ಕೀಲಿಪದಕ್ಕೆ ಚೌಕ ಆವರಣ. ವಿಚಿತ್ರವೆಂದರೆ, ಅದೇ ಭಾಷೆಯಲ್ಲಿ ರಚಿತವಾದ ಪುಟವಿನ್ಯಾಸದ ವ್ಯವಸ್ಥೆಗಳು ಸರಳತೆಯ ಹೆಸರಿನಲ್ಲಿ ಈ ಭೇದವನ್ನು ಅಳಿಸಿದವು. ಜ್ಯಾಂಗೋ ವ್ಯವಸ್ಥೆಯಲ್ಲಿ ಚುಕ್ಕೆಯು ಮೊದಲು ಕೀಲಿಪದವನ್ನು, ಅದು ಸಿಗದಿದ್ದರೆ ಗುಣವನ್ನು, ಅದೂ ಸಿಗದಿದ್ದರೆ ಕ್ರಮಸಂಖ್ಯೆಯನ್ನು ಅನುಕ್ರಮವಾಗಿ ಹುಡುಕುತ್ತದೆ. ಜಿಂಜಾ ವ್ಯವಸ್ಥೆಯಲ್ಲಿ ಚುಕ್ಕೆಗೆ ಗುಣವೇ ಮೊದಲು, ಕೀಲಿಪದ ಆಮೇಲೆ. ಚೌಕ ಆವರಣ ಬಳಸಿದರೆ ಅನುಕ್ರಮ ತಿರುಗುಮುರುಗು. ನೋಡಲು ಒಂದೇ ಬಗೆಯಾಗಿರುವ ಪುಟವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿದಾಗ ‘ಕೀಸ್’, ‘ವ್ಯಾಲ್ಯೂಸ್’, ‘ಐಟಮ್ಸ್’ ಮೊದಲಾದ ಹೆಸರಿನ ಕೀಲಿಪದಗಳು ಮಾತ್ರ ಅರ್ಥ ಬದಲಿಸುತ್ತವೆ.

ಜ್ಯಾಂಗೋದ ಅನುಕ್ರಮದಿಂದ ಉಂಟಾಗುವ ಒಂದು ತೊಡಕನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲದ ಕೀಲಿಪದವನ್ನು ಕೇಳಿದೊಡನೆ ಅದಕ್ಕೊಂದು ಆರಂಭಿಕ ಮೌಲ್ಯವನ್ನು ತಾನೇ ಸೃಷ್ಟಿಸಿಕೊಡುವ ‘ಡಿಫಾಲ್ಟ್‌ಡಿಕ್ಟ್’ ಎಂಬ ಕೋಶ ಪೈಥಾನ್‌ನಲ್ಲಿದೆ. ಪದಾವೃತ್ತಿಯನ್ನು ಎಣಿಸುವವರಿಗೂ ಪದಸೂಚಿ ತಯಾರಿಸುವವರಿಗೂ ಇದು ಬಹಳ ಅನುಕೂಲದ್ದು. ಪುಟದಲ್ಲಿ ಇದರ ಎಲ್ಲ ಉಲ್ಲೇಖಗಳನ್ನು ಪಟ್ಟಿಮಾಡಲು ಚುಕ್ಕೆಯಿಟ್ಟು ‘ಐಟಮ್ಸ್’ ಎಂದು ಬರೆದರೆ ವ್ಯವಸ್ಥೆಯು ಮೊದಲು ಆ ಹೆಸರಿನ ಕೀಲಿಪದವನ್ನು ಹುಡುಕುತ್ತದೆ. ಕೋಶವು ‘ಇಲ್ಲ’ ಎನ್ನುವುದನ್ನೇ ಅರಿಯದು. ಕೂಡಲೇ ಬರಿದಾದ ಪಟ್ಟಿಯೊಂದನ್ನು ಹುಟ್ಟಿಸಿ ಒಪ್ಪಿಸುತ್ತದೆ. ಪುಟ ಖಾಲಿಯಾಗಿ ಬರುತ್ತದೆ. ಅಷ್ಟೇ ಅಲ್ಲ, ಓದುವ ಕ್ರಿಯೆಯಿಂದಲೇ ಕೋಶದಲ್ಲಿ ‘ಐಟಮ್ಸ್’ ಎಂಬ ಹೊಸ ಉಲ್ಲೇಖ ಸೇರಿಕೊಂಡಿರುತ್ತದೆ. ಹಸ್ತಪ್ರತಿಯನ್ನು ಓದಿದವನೇ ಅದರಲ್ಲಿ ಪ್ರಕ್ಷೇಪವನ್ನು ಉಂಟುಮಾಡಿದಂತೆ.

5

ಕೀಲಿಪದ ಮತ್ತು ಗುಣಗಳ ಈ ಬೆರಕೆಯು ಬರಿಯ ಅನನುಕೂಲವಾಗಿ ನಿಲ್ಲದೆ ಭದ್ರತೆಯ ಸಮಸ್ಯೆಯಾಗಿಯೂ ಪರಿಣಮಿಸಿದೆ. ಹೊರಗಿನವರು ತುಂಬಿ ಕಳುಹಿಸಿದ ನಮೂನೆಯ ಅಂಕಣಗಳ ಹೆಸರುಗಳನ್ನೇ ಗುಣಗಳ ಹೆಸರುಗಳೆಂದು ಸ್ವೀಕರಿಸುವ ಪದ್ಧತಿ ಸ್ಟ್ರಟ್ಸ್‌ನಲ್ಲಿತ್ತು. ಹಾಗೆ ಕಳುಹಿಸಿದ ಹೆಸರು ‘ಕ್ಲಾಸ್’ ಎಂದು ಆರಂಭವಾಗಿದ್ದರೆ ಅದರ ಮೂಲಕ ಜಾವಾದ ವರ್ಗಗಳನ್ನು ತುಂಬಿಕೊಳ್ಳುವ ಒಳಯಂತ್ರವನ್ನೇ ಮುಟ್ಟಲು ಸಾಧ್ಯವಾಗುತ್ತಿತ್ತು. ಇದು 2014ರಲ್ಲಿ ಸಿವಿಇ-2014-0114 ಎಂಬ ಸಂಖ್ಯೆಯಲ್ಲಿ ದಾಖಲಾಯಿತು. ಬೀನ್‌ಯುಟಿಲ್ಸ್‌ನ 1.9.2 ಆವೃತ್ತಿಯಲ್ಲಿ ಈ ಹೆಸರನ್ನು ತಡೆಯುವ ಉಪಾಯವನ್ನು ಒದಗಿಸಲಾಯಿತಾದರೂ ಬೇಕಾದವರು ತಾವಾಗಿ ಅಳವಡಿಸಿಕೊಳ್ಳಬೇಕಿತ್ತು. ಅದು ತಾನಾಗಿಯೇ ಜಾರಿಯಲ್ಲಿರುವಂತೆ ಆದದ್ದು 2019ರ 1.9.4ರಲ್ಲಿ. ಅದೇ 2019ರಲ್ಲಿ ಜಾವಾಸ್ಕ್ರಿಪ್ಟ್‌ನ ಲೋಡ್ಯಾಶ್ ಲೈಬ್ರರಿಯಲ್ಲಿ ಬೆಳಕಿಗೆ ಬಂದ ದೋಷವೂ ಇದೇ ಕುಲದ್ದು. ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಆಬ್ಜೆಕ್ಟನ್ನೇ ಕೋಶವಾಗಿ ಬಳಸುವ ರೂಢಿಯಿದ್ದು, ಅದು ತನ್ನ ಮೂಲದಿಂದ ‘ಕನ್‌ಸ್ಟ್ರಕ್ಟರ್’ ಮೊದಲಾದ ಹೆಸರುಗಳನ್ನು ಆನುವಂಶಿಕವಾಗಿ ಪಡೆದಿರುತ್ತದೆ. ಏನನ್ನೂ ತುಂಬದ ಕೋಶದಲ್ಲಿ ಈ ಪದವನ್ನು ಹುಡುಕಿದರೂ ‘ಇದೆ’ ಎಂಬ ಉತ್ತರವೇ ಬರುತ್ತದೆ. ಆನುವಂಶಿಕತೆಯಿಲ್ಲದ ಆಬ್ಜೆಕ್ಟನ್ನು ರಚಿಸುವ ವಿಧಾನ 2009ರಲ್ಲಿಯೂ, ಕೋಶಕ್ಕೆಂದೇ ಮೀಸಲಾದ ಮ್ಯಾಪ್ 2015ರಲ್ಲಿಯೂ ಆ ಭಾಷೆಯ ಮಾನಕದೊಳಕ್ಕೆ ಬಂದವು.

6

‘ಇಲ್ಲ’ ಎಂಬ ಉತ್ತರಕ್ಕೂ ಎರಡು ಅರ್ಥಗಳಿವೆ. ಚೀಟಿಯೇ ಇಲ್ಲದಿರುವುದು ಒಂದು. ಚೀಟಿಯಿದ್ದು ಅರ್ಥವನ್ನು ಇನ್ನೂ ಬರೆಯದಿರುವುದು ಇನ್ನೊಂದು. ನಿಘಂಟು ಸಂಪಾದಕನಿಗೆ ಇವೆರಡರ ನಡುವೆ ಬಹಳ ಅಂತರವುಂಟು. ಮೊದಲನೆಯದು ಆ ಪದಕ್ಕೆ ಪ್ರಯೋಗ ದೊರೆತಿಲ್ಲವೆಂದು ಹೇಳುತ್ತದೆ. ಎರಡನೆಯದು ಪ್ರಯೋಗ ದೊರೆತಿದ್ದು ಕೆಲಸ ಬಾಕಿಯಿದೆಯೆಂದು ಹೇಳುತ್ತದೆ. ಜಾವಾದ ಮ್ಯಾಪಿನಲ್ಲಿ ‘ಗೆಟ್’ ಎಂಬ ಶೋಧಕ್ರಮವು ಎರಡಕ್ಕೂ ‘ನಲ್’ ಎಂಬ ಒಂದೇ ಉತ್ತರವನ್ನು ಕೊಡುತ್ತದೆ. ಭೇದವನ್ನು ತಿಳಿಯಲು ಕೀಲಿಪದವಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. 2014ರ ಜಾವಾ 8ರಲ್ಲಿ ಬಂದ, ಪದ ಸಿಗದಿದ್ದರೆ ಬದಲಿ ಉತ್ತರ ಕೊಡುವ ಕ್ರಮವು ಚೀಟಿ ಇಲ್ಲದಿರುವಾಗ ಮಾತ್ರ ಬದಲಿಯನ್ನು ಕೊಡುತ್ತದೆ. ಬರೆಯದ ಚೀಟಿಗೆ ‘ನಲ್’ ಎಂದೇ ಹೇಳುತ್ತದೆ. ಸಾಮಾನ್ಯ ಬಳಕೆದಾರನಿಗೆ ಇದು ಅನಿರೀಕ್ಷಿತವಾಗಿ ಕಂಡರೂ ಕೋಶಕಾರನ ದೃಷ್ಟಿಯಿಂದ ಇದೇ ಸರಿ. ಪೈಥಾನ್ ಚೌಕ ಆವರಣದ ಶೋಧದಲ್ಲಿ ಪದ ಸಿಗದಿದ್ದರೆ ಉತ್ತರ ಕೊಡದೆ ದೋಷವನ್ನೇ ಸಾರುತ್ತದೆ. ಇದು ಕಠಿಣವೆನಿಸಿದರೂ ಮೌನಕ್ಕಿಂತ ಮೇಲು.

7

ಮೇಲಿನ ಪ್ರಶ್ನೆಗಳು ಯಾವ ಭಾಷೆಯ ಕೋಶಕ್ಕಾದರೂ ಅನ್ವಯವಾಗುತ್ತವೆ. ಕೀಲಿಪದಗಳು ಕನ್ನಡದವಾದಾಗ ಇನ್ನಷ್ಟು ಸಮಸ್ಯೆಗಳು ಸೇರಿಕೊಳ್ಳುತ್ತವೆ.

ಮೊದಲನೆಯದು ಚುಕ್ಕೆಯದೇ. ಕನ್ನಡ ಲೇಖಕರನ್ನು ಸಂಕ್ಷಿಪ್ತನಾಮಗಳಿಂದ ಕರೆಯುವುದು ವಾಡಿಕೆ. ಕವಿಗಳ ಕೋಶವೊಂದರಲ್ಲಿ ‘ಕವಿಗಳು.ಪು.ತಿ.ನ’ ಎಂದು ಕೇಳಿದರೆ ಲೈಬ್ರರಿಯು ಅದನ್ನು ಕವಿಗಳಲ್ಲಿ ‘ಪು’, ಅದರೊಳಗೆ ‘ತಿ’, ಅದರೊಳಗೆ ‘ನ’ ಎಂದು ಬಿಡಿಸಿಕೊಂಡು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ. ಬೀನ್‌ಯುಟಿಲ್ಸ್‌ನ ದುಂಡು ಆವರಣ ಇಂತಹ ಕಡೆ ಉಪಯುಕ್ತ. ಆವರಣದೊಳಗಿನ ಚುಕ್ಕೆಯನ್ನು ಅದು ಬಿಡಿಸುವುದಿಲ್ಲ. ಆದರೆ ಸಮರೂಪಿ ಪದಗಳನ್ನು ಬೇರ್ಪಡಿಸಲು ‘ಅರಿ (ನಾ)’, ‘ಅರಿ (ಕ್ರಿ)’ ಎಂದು ಕೀಲಿಪದದಲ್ಲಿಯೇ ಆವರಣವನ್ನು ಸೇರಿಸಿದ್ದರೆ, ಮೊದಲು ಕಂಡ ಮುಚ್ಚುವ ಆವರಣದಲ್ಲಿಯೇ ಕೀಲಿ ಮುಗಿಯಿತೆಂದು ಲೈಬ್ರರಿಯು ತಿಳಿಯುತ್ತದೆ. ಪದವರ್ಗದ ಸೂಚನೆಯನ್ನು ಕೀಲಿಯೊಳಗೆ ತುರುಕದೆ ಮೌಲ್ಯದ ಭಾಗವಾಗಿ ಇಡುವುದು ಇದಕ್ಕೆ ಪರಿಹಾರ.

ಎರಡನೆಯದು ಅಕ್ಷರಸಂಕೇತಗಳದು. ಯೂನಿಕೋಡ್‌ನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಊತ್ವ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ‘ಕೋಶ’ ಎಂಬ ಪದ ಮೊದಲ ರೀತಿಯಲ್ಲಿ ಮೂರು ಸಂಕೇತಗಳದ್ದು, ಎರಡನೆಯ ರೀತಿಯಲ್ಲಿ ಐದರದ್ದು. ಈ, ಏ, ಐ, ಒ ಸ್ವರಗಳ ಚಿಹ್ನೆಗಳಿಗೂ ಇಂತಹ ದ್ವಿವಿಧ ರೂಪಗಳಿವೆ. ತೆರೆಯ ಮೇಲೆ ಎರಡಕ್ಕೂ ಭೇದ ಕಾಣದು. ಮ್ಯಾಪಿಗೆ ಮಾತ್ರ ಅವು ಎರಡು ಪದಗಳು. ಬಿಡಿಸಿದ ರೂಪವನ್ನು ಯಾರೂ ಉದ್ದೇಶಪೂರ್ವಕವಾಗಿ ಟೈಪು ಮಾಡುವುದಿಲ್ಲವೆಂಬುದು ನಿಜ. ಆದರೆ ಆಪಲ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಕಡತಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಕಡತಗಳ ಹೆಸರಿನಿಂದ ಸೂಚಿಯನ್ನು ತಯಾರಿಸಿದವರಿಗೆ ಇಂತಹ ರೂಪಗಳು ಅರಿವಿಲ್ಲದೆಯೇ ಬಂದು ಸೇರುತ್ತವೆ. ಇವನ್ನು ಒಂದೇ ರೂಪಕ್ಕೆ ತರುವ ಪ್ರಮಾಣೀಕರಣ ಕ್ರಮಗಳನ್ನು ಯೂನಿಕೋಡ್ ನಿರೂಪಿಸಿದೆ. ಜಾವಾದಲ್ಲಿ 2006ರ 6ನೆಯ ಆವೃತ್ತಿಯಿಂದ ಅದಕ್ಕೆ ಸಿದ್ಧ ಸಾಧನವಿದೆ. ಆದರೆ ಮ್ಯಾಪ್ ತಾನಾಗಿ ಅದನ್ನು ಬಳಸುವುದಿಲ್ಲ. ಕೋಶಕ್ಕೆ ತುಂಬುವಾಗ ಮತ್ತು ಹುಡುಕುವಾಗ, ಎರಡೂ ಕಡೆಯಲ್ಲಿ ಅದನ್ನು ಅನ್ವಯಿಸಬೇಕು. ಒಂದೇ ಕಡೆ ಅನ್ವಯಿಸಿದರೆ ಮೊದಲು ಸಿಗುತ್ತಿದ್ದ ಪದಗಳೂ ಸಿಗದೆಹೋಗಬಹುದು.

ಪ್ರಮಾಣೀಕರಣದಿಂದ ಬಗೆಹರಿಯದವೂ ಇವೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರವು ಒತ್ತಾಗದಂತೆ ತಡೆಯಲು ಅಗೋಚರವಾದ ವಿಭಾಜಕ ಸಂಕೇತವೊಂದನ್ನು ಇಡಲಾಗುತ್ತದೆ. ಅದನ್ನು ಇಟ್ಟವರ ಕೀಲಿಯೂ ಇಡದವರ ಕೀಲಿಯೂ ಬೇರೆ ಬೇರೆ. ಪ್ರಮಾಣೀಕರಣವು ಆ ಸಂಕೇತವನ್ನು ತೆಗೆಯುವುದಿಲ್ಲ. ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತಿದ ಪದಗಳು ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ, ಶೋಧಕ್ಕೆ ಸಿಕ್ಕುವುದಿಲ್ಲ. ಇವೆರಡನ್ನೂ ಕೋಶದ ಬಾಗಿಲಿನಲ್ಲಿಯೇ ತಿದ್ದಿಕೊಳ್ಳುವುದರಲ್ಲಿ ನಷ್ಟವಿಲ್ಲ. ಪದದ ನಡುವೆ ಸೊನ್ನೆಯ ಅಂಕಿ ಬರುವ ಕನ್ನಡ ಶೀರ್ಷಿಕಾಪದವಿಲ್ಲ.

ಹಳಗನ್ನಡದ ೞಕಾರದ ವಿಷಯ ಹಾಗಲ್ಲ. (ಯೂನಿಕೋಡ್‌ನಲ್ಲಿ ಈ ಅಕ್ಷರದ ಅಧಿಕೃತ ಹೆಸರು ‘ಫ’ ಅಕ್ಷರವೆಂದಿದೆ. ತಪ್ಪೆಂಬುದು ಎಲ್ಲರಿಗೂ ತಿಳಿದಿದ್ದರೂ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಸೇರಿದೆ. ಹೆಸರೂ ಒಂದು ಕೀಲಿಯೇ; ಅದನ್ನು ನಂಬಿದ ಕೋಶಗಳೆಷ್ಟಿವೆಯೋ.) ಹೊಸಗನ್ನಡದ ಓದುಗನು ೞಕಾರವನ್ನು ಒತ್ತದೆ ಳಕಾರದಿಂದಲೇ ಹುಡುಕುತ್ತಾನೆ. ಅವನ ಅನುಕೂಲಕ್ಕಾಗಿ ಕೀಲಿಗಳಲ್ಲಿ ೞಕಾರವನ್ನೆಲ್ಲ ಳಕಾರವಾಗಿಸಿದರೆ ‘ಬದುಕು’ ಎಂಬರ್ಥದ ‘ಬಾೞ್’ ಪದವೂ ‘ಕತ್ತಿ’ ಎಂಬರ್ಥದ ‘ಬಾಳ್’ ಪದವೂ ಒಂದೇ ಕೀಲಿಯಾಗುತ್ತವೆ. ಮ್ಯಾಪಿನಲ್ಲಿ ಒಂದು ಕೀಲಿಗೆ ಒಂದೇ ಮೌಲ್ಯ. ಎರಡನೆಯದನ್ನು ತುಂಬಿದ ಕೂಡಲೇ ಮೊದಲನೆಯದು ಅಳಿಯುತ್ತದೆ. ಅಳಿದ ಮೌಲ್ಯವನ್ನು ಜಾವಾದ ‘ಪುಟ್’ ಕ್ರಮವು ಹಿಂದಿರುಗಿಸುತ್ತದಾದರೂ ಅದನ್ನು ಪರಿಶೀಲಿಸುವವರು ವಿರಳ. ಹೀಗೆ ಸುಲಭಶೋಧಕ್ಕಾಗಿ ಮಾಡಿದ ಏರ್ಪಾಡಿನಿಂದ ಪದವೇ ಲುಪ್ತವಾಗುತ್ತದೆ. ಮೂಲ ಕೋಶದ ಕೀಲಿಗಳನ್ನು ಹಸ್ತಪ್ರತಿಯ ಅಕ್ಷರಕ್ಕೆ ನಿಷ್ಠವಾಗಿ ಇಟ್ಟು, ೞಕಾರ ಱಕಾರಗಳನ್ನು ಸಮೀಕರಿಸಿದ ರೂಪದಿಂದ ಮೂಲ ಕೀಲಿಗಳ ಪಟ್ಟಿಗೆ ಕೊಂಡೊಯ್ಯುವ ಎರಡನೆಯ ಕೋಶವೊಂದನ್ನು ಅದರ ಮುಂದಿಡುವುದು ಸೂಕ್ತ. ಆಗ ‘ಬಾಳ್’ ಎಂದು ಹುಡುಕಿದವನ ಮುಂದೆ ಎರಡು ಚೀಟಿಗಳೂ ಬರುತ್ತವೆ. ಶಾಸನದ ಸಾಲಿಗೆ ಯಾವುದು ಹೊಂದುತ್ತದೆಂಬುದನ್ನು ಅವನೇ ನೋಡಿಕೊಳ್ಳುತ್ತಾನೆ.